ಡೇಟ್ ಸರಿಯಾಗಿತ್ತು, ಮುಟ್ಟು ಸರಿಯಾಗಿರಲಿಲ್ಲ: ಒಂದು ಪ್ರಕರಣ

ವಯಸ್ಸು 37. ಇಬ್ಬರು ಮಕ್ಕಳು, ದೊಡ್ಡವಳಿಗೆ 13. ಕೂತು ಮಾಡುವ ಆಫೀಸ್ ಕೆಲಸ. ಬಿಪಿ ಇಲ್ಲ, ಶುಗರ್ ಇಲ್ಲ, ದಿನಾ ನುಂಗುವ ಮಾತ್ರೆ ಯಾವುದೂ ಇಲ್ಲ. ಮುಟ್ಟು ಪ್ರತಿ 27-28 ದಿನಕ್ಕೆ, ಒಂದು ದಿನ ಹಿಂದೆ ಮುಂದೆ ಆದರೆ ಅದೇ ಹೆಚ್ಚು. ಯಾವ ಡಾಕ್ಟರ್ ಹತ್ತಿರ ಹೋದರೂ "ಪೀರಿಯಡ್ಸ್ ರೆಗ್ಯುಲರ್ ಇದೆಯಾ?" ಅನ್ನುವ ಪ್ರಶ್ನೆ ಬರುತ್ತದೆ ಅಲ್ವಾ, ಅದಕ್ಕೆ ಅವಳ ಉತ್ತರ ಯಾವಾಗಲೂ ಒಂದೇ: "ಹೂಂ, ಕರೆಕ್ಟಾಗಿ ಆಗುತ್ತೆ." ಉತ್ತರ ನಿಜವೇ. ಆದರೂ ಅವಳ ಹಿಮೋಗ್ಲೋಬಿನ್ 8.1ಕ್ಕೆ ಇಳಿದಿತ್ತು.

ಇವಳು ನನ್ನ ದೊಡ್ಡಮ್ಮನ ಮಗಳು, ನನಗೆ ಅಕ್ಕ. "ಬರಿ, ನನ್ನ ಹಾಗೆ ಸುಮ್ನೆ ಸಹಿಸಿಕೊಂಡು ಕೂತಿರೋರು ಎಷ್ಟು ಜನ ಇದ್ದಾರೋ" ಅಂತ ಅವಳೇ ಹೇಳಿದ್ದರಿಂದ ಬರೆಯುತ್ತಿದ್ದೇನೆ. ಗುರುತು ಸಿಗಬಾರದೆಂದು ಒಂದೆರಡು ವಿವರ ಬದಲಿಸಿದ್ದೇನೆ, ಕಾಯಿಲೆಯ ವಿಷಯದಲ್ಲಿ ಏನೂ ಬದಲಿಸಿಲ್ಲ. ನಾನು ಡಾಕ್ಟರ್ ಅಲ್ಲ. ತಪಾಸಣೆಗೆ ಜೊತೆಗೆ ಹೋದವಳು, ಅರ್ಥವಾಗದ್ದನ್ನು ಅಲ್ಲೇ ಕೇಳಿ ತಿಳಿದುಕೊಂಡವಳು, ಮನೆಗೆ ಬಂದು ಇನ್ನಷ್ಟು ಓದಿದವಳು. ಇಲ್ಲಿ ಓದಿದ ಔಷಧಿಯನ್ನು ನೀವೇ ತಂದು ನುಂಗಬೇಡಿ, ಅದೊಂದನ್ನು ಮೊದಲೇ ಹೇಳಿಬಿಡುತ್ತೇನೆ.

ಸುಸ್ತಿನಿಂದ ಶುರುವಾಗಿದ್ದು

ಮೊದಲು ಗಮನಕ್ಕೆ ಬಂದದ್ದು ಸುಸ್ತು. ಎರಡು ಮಹಡಿ ಮೆಟ್ಟಿಲು ಹತ್ತಿದರೆ ಏದುಸಿರು. ಮಧ್ಯದಲ್ಲಿ ನಿಂತು, ಫೋನ್ ನೋಡುತ್ತಿರುವ ಹಾಗೆ ನಟಿಸಿ, ಉಸಿರು ಹತೋಟಿಗೆ ಬಂದ ಮೇಲೆ ಮುಂದೆ ಹತ್ತುತ್ತಿದ್ದಳಂತೆ. ಬಾಚಿದರೆ ಕೈತುಂಬ ಕೂದಲು ಬರುತ್ತಿತ್ತು. ರಾತ್ರಿ ಮಲಗಿದರೆ ಕಾಲನ್ನು ಒಂದು ಕಡೆ ಇಡಲಾಗದಂಥ ಚಡಪಡಿಕೆ. ಇವೆಲ್ಲಕ್ಕೂ ಅವಳ ಹತ್ತಿರ ಕಾರಣ ತಯಾರಿತ್ತು: ಕೆಲಸ ಜಾಸ್ತಿ, ನಿದ್ದೆ ಕಮ್ಮಿ, ವಯಸ್ಸಾಗುತ್ತಾ ಬಂತು. ಕಾರಣ ಸಿಗದೇ ಉಳಿದದ್ದು ಐಸ್ ಒಂದೇ. ಫ್ರಿಜ್ಜಿನಲ್ಲಿ ಇಟ್ಟ ಐಸ್ ಟ್ರೇ ಸಂಜೆಯೊಳಗೆ ಖಾಲಿ. ನೀರಿಗೆ ಹಾಕಿಕೊಳ್ಳಲಿಕ್ಕಲ್ಲ, ಕಟಕಟ ಅಂತ ಅಗಿಯುವುದಕ್ಕೆ. ಮಕ್ಕಳು ನಗುತ್ತಿದ್ದರು, ಅವಳೂ ನಗುತ್ತಿದ್ದಳು. ದೇಹದಲ್ಲಿ ಕಬ್ಬಿಣಾಂಶ ತೀರಾ ಇಳಿದಾಗ ಕೆಲವರಿಗೆ ಹೀಗೆ ಐಸ್ ಅಗಿಯುವ ಚಟ ಹತ್ತುತ್ತದೆ, ಇನ್ನು ಕೆಲವರಿಗೆ ಮಣ್ಣೋ ಸುಣ್ಣವೋ ತಿನ್ನಬೇಕು ಅನ್ನಿಸುತ್ತದೆ, ಇದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ಲಕ್ಷಣ ಅನ್ನುವುದು ನಮಗೆ ಗೊತ್ತಾಗಿದ್ದು ಆಮೇಲೆ.

ಸುಸ್ತಿಗೆಂದು ಅವಳು ಮೊದಲು ಹೋಗಿದ್ದು ಒಬ್ಬ ಸಾಮಾನ್ಯ ವೈದ್ಯರ ಹತ್ತಿರ. ಅವರು ಕಣ್ಣಿನ ರೆಪ್ಪೆ ಕೆಳಗೆ ಮಾಡಿ ನೋಡಿ, ರಕ್ತ ಕಮ್ಮಿ ಇದೆ ಅಂತ ಕಬ್ಬಿಣದ ಮಾತ್ರೆ ಬರೆದುಕೊಟ್ಟರು. ರಕ್ತ ಯಾಕೆ ಕಮ್ಮಿ ಆಯಿತು ಅನ್ನುವ ಪ್ರಶ್ನೆ ಆವತ್ತು ಯಾರೂ ಕೇಳಲಿಲ್ಲ. ಮಾತ್ರೆಯಿಂದ ಮಲಬದ್ಧತೆ ಆಯಿತು, ಹೊಟ್ಟೆ ಹಿಡಿದ ಹಾಗಾಯಿತು, ಎರಡು ವಾರದಲ್ಲಿ ಬಿಟ್ಟುಬಿಟ್ಟಳು. ಮತ್ತೆ ಒಂದು ವರ್ಷದ ಹತ್ತಿರ ಹಾಗೇ ಹೋಯಿತು.

ನನಗೆ ಈ ಪ್ರಕರಣದಲ್ಲಿ ತುಂಬಾ ಬೇಸರ ತರುವ ಭಾಗ ಇದು. ಮುಟ್ಟಾಗುವ ವಯಸ್ಸಿನ ಹೆಂಗಸಿಗೆ ರಕ್ತ ಕಮ್ಮಿ ಇದೆ ಅಂದಾಗ ಮೊದಲು ವಿಚಾರಿಸಬೇಕಾದದ್ದೇ ಮುಟ್ಟಿನಲ್ಲಿ ಎಷ್ಟು ಹೋಗುತ್ತಿದೆ ಅನ್ನುವುದನ್ನು. ತುಂಬಿಸುವುದಷ್ಟೇ ಮಾಡಿ, ಸೋರುವುದು ಎಲ್ಲಿ ಅಂತ ನೋಡದಿದ್ದರೆ ಮಾತ್ರೆ ಏನು ಮಾಡೀತು?

"ಡೇಟ್ ಬಿಡಿ, ಎಷ್ಟು ಹೋಗುತ್ತೆ ಹೇಳಿ"

ಒಂದು ದಿನ ಆಫೀಸಿನಲ್ಲಿ ಎದ್ದು ನಿಂತವಳಿಗೆ ಕಣ್ಣು ಕತ್ತಲೆ ಬಂದು ಮೇಜು ಹಿಡಿದುಕೊಂಡು ಕೂತಳು. ಮುಟ್ಟಿನ ಎರಡನೇ ದಿನ ಅದು. ಅದಾದ ವಾರಕ್ಕೆ ನಾವಿಬ್ಬರೂ ಸ್ತ್ರೀರೋಗ ತಜ್ಞೆಯ ಮುಂದೆ ಕೂತಿದ್ದೆವು.

ಅಕ್ಕ ಎಂದಿನಂತೆ "ರೆಗ್ಯುಲರ್ ಇದೆ ಡಾಕ್ಟರ್, 28 ದಿನಕ್ಕೆ ಕರೆಕ್ಟಾಗಿ" ಅಂದಳು. ಅವರು ಬರೆದುಕೊಂಡು, ಪೆನ್ನು ಕೆಳಗಿಟ್ಟು, "ಡೇಟ್ ಬಿಡಿ ಅಮ್ಮ, ಎಷ್ಟು ಹೋಗುತ್ತೆ ಹೇಳಿ" ಅಂದರು.

"ಎಲ್ಲರಿಗೂ ಹೋಗೋ ಹಾಗೇ."

"ಎಲ್ಲರಿಗೂ ಎಷ್ಟು ಹೋಗುತ್ತೆ ಅಂತ ನಿಮಗೆ ಹೇಗೆ ಗೊತ್ತು?"

ಅಕ್ಕನ ಹತ್ತಿರ ಉತ್ತರ ಇರಲಿಲ್ಲ. ನನ್ನ ಹತ್ತಿರವೂ ಇರಲಿಲ್ಲ. ಯಾರ ಹತ್ತಿರ ತಾನೇ ಇದೆ? ನಾವು ಡೇಟ್ ಬಗ್ಗೆ ಮಾತಾಡುತ್ತೇವೆ, ಹೊಟ್ಟೆನೋವಿನ ಬಗ್ಗೆ ಸ್ವಲ್ಪ ಮಾತಾಡುತ್ತೇವೆ, ಪ್ಯಾಡಿನ ಮೇಲೆ ಏನು ಕಂಡಿತು ಅಂತ ಒಬ್ಬರಿಗೊಬ್ಬರು ಹೇಳಿಕೊಳ್ಳುವುದೇ ಇಲ್ಲ. ಹಾಗಾಗಿ ಪ್ರತಿಯೊಬ್ಬಳಿಗೂ ತನ್ನದೇ ಅಳತೆ, ತನಗೆ ಆಗುವುದೇ ಎಲ್ಲರಿಗೂ ಆಗುವುದು.

ಆಮೇಲೆ ಪ್ರಶ್ನೆಗಳು ಒಂದರ ಹಿಂದೆ ಒಂದು ಬಂದವು. ಎಷ್ಟು ದಿನ ಹೋಗುತ್ತೆ? ರಾತ್ರಿ ಪ್ಯಾಡ್ ಬದಲಿಸಲು ಏಳಬೇಕಾ? ಎರಡು ಪ್ಯಾಡ್ ಒಟ್ಟಿಗೆ ಹಾಕಿಕೊಳ್ಳುತ್ತೀರಾ? ಹೆಪ್ಪುಗಟ್ಟಿದ ಹಾಗೆ ಗಂಟು ಗಂಟಾಗಿ ಹೋಗುತ್ತಾ, ಹೋದರೆ ಎಷ್ಟು ದೊಡ್ಡದು? ಮುಟ್ಟಿನ ದಿನ ಎಲ್ಲಿಗೂ ಹೋಗಬಾರದು ಅಂತ ಕಾರ್ಯಕ್ರಮ ಮುಂದಕ್ಕೆ ಹಾಕಿದ್ದು ಇದೆಯಾ? ಅಕ್ಕ ಉತ್ತರ ಕೊಡುತ್ತಾ ಹೋದ ಹಾಗೆ ಚಿತ್ರ ಬದಲಾಯಿತು. ಎಂಟು ದಿನ. ರಾತ್ರಿ ಎರಡು ಸಲ ಏಳುವುದು. ಹಾಸಿಗೆಯ ಮೇಲೆ ದಪ್ಪ ಟವೆಲ್. ಎರಡನೇ ದಿನ ತಿಳಿ ಬಣ್ಣದ ಬಟ್ಟೆ ಹಾಕದೇ ಎರಡು ವರ್ಷ ಆಗಿದೆ. ಇಷ್ಟನ್ನೂ ಅವಳು ತೊಂದರೆ ಅಂತ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಇನ್ನೊಂದು ಗುಂಪು ಪ್ರಶ್ನೆಗಳಿದ್ದವು, ಅವು ನನಗೆ ಹೊಸದು. ಮೊದಲ ಸಲ ಮುಟ್ಟಾದಾಗಿನಿಂದಲೂ ಹೀಗೇ ಜಾಸ್ತಿ ಹೋಗುತ್ತಿತ್ತಾ? ಹಲ್ಲು ಕೀಳಿಸಿದಾಗ ರಕ್ತ ನಿಲ್ಲಲಿಲ್ಲವಾ? ಮೂಗಿನಿಂದ ಆಗಾಗ ರಕ್ತ ಬರುತ್ತಾ, ಸುಮ್ನೆ ತಾಗಿದರೂ ಮೈಮೇಲೆ ನೀಲಿ ಕಲೆ ಬೀಳುತ್ತಾ? ರಕ್ತ ಹೆಪ್ಪುಗಟ್ಟುವುದರಲ್ಲೇ ಹುಟ್ಟಿನಿಂದ ದೋಷ ಇರುವವರಿಗೆ (ವಾನ್ ವಿಲ್ಲೆಬ್ರಾಂಡ್ ಅನ್ನುವ ಕಾಯಿಲೆ ಇದರಲ್ಲಿ ಹೆಚ್ಚಾಗಿ ಕಾಣುವಂಥದ್ದು) ಮೊದಲ ಮುಟ್ಟಿನಿಂದಲೇ ಜಾಸ್ತಿ ಹೋಗುತ್ತದಂತೆ. ಎಷ್ಟೋ ಹುಡುಗಿಯರಿಗೆ ಆ ಕಾಯಿಲೆ ಇದೆ ಅಂತ ಗೊತ್ತಾಗುವುದೇ ಮುಟ್ಟಿನಿಂದ. ಅಕ್ಕನಿಗೆ ಹಾಗಿರಲಿಲ್ಲ. ಎರಡನೇ ಮಗು ಆಗಿ ಎಷ್ಟೋ ವರ್ಷ ಚೆನ್ನಾಗೇ ಇದ್ದದ್ದು, ಎರಡು ವರ್ಷದಿಂದ ನಿಧಾನವಾಗಿ ಏರಿದ್ದು.

ಕಾಗದದ ಮೇಲೆ ಮೂರು ಪ್ಯಾಡ್

ಮುಟ್ಟು ಮುಗಿದು ಇನ್ನೂ ಹೆಚ್ಚು ದಿನ ಆಗಿರಲಿಲ್ಲ, ನೆನಪು ಚೆನ್ನಾಗೇ ಇತ್ತು. ಡಾಕ್ಟರ್ ಒಂದು ಕಾಗದ ತೆಗೆದುಕೊಂಡು ಮೂರು ಪ್ಯಾಡ್ ಚಿತ್ರ ಬರೆದರು. ಒಂದರಲ್ಲಿ ಸ್ವಲ್ಪ ಕಲೆ, ಎರಡನೆಯದು ಅರ್ಧದಷ್ಟು ಒದ್ದೆ, ಮೂರನೆಯದು ಪೂರ್ತಿ. ಮೊದಲನೆಯದಕ್ಕೆ 1 ಅಂಕ, ಎರಡನೆಯದಕ್ಕೆ 5, ಮೂರನೆಯದಕ್ಕೆ 20. ಸಣ್ಣ ಹೆಪ್ಪಿಗೆ 1, ದೊಡ್ಡದಕ್ಕೆ 5. ಇದು ಅವರು ತಾವೇ ಮಾಡಿಕೊಂಡ ಲೆಕ್ಕ ಅಲ್ಲ, ಪಿಬಿಎಸಿ ಅಂತ 1990ರಿಂದ ಬಳಕೆಯಲ್ಲಿರುವ ಪಟ್ಟಿ. ಒಂದು ಮುಟ್ಟಿನಲ್ಲಿ ಒಟ್ಟು 100 ದಾಟಿದರೆ ಸುಮಾರು 80 ಮಿಲಿಲೀಟರ್‌ಗಿಂತ ಜಾಸ್ತಿ ರಕ್ತ ಹೋಗಿದೆ ಅಂತ ಅಂದಾಜು. ಸಾಮಾನ್ಯವಾಗಿ ಹೋಗುವುದು 30ರಿಂದ 40 ಮಿಲಿಲೀಟರ್.

ಅಕ್ಕ ಬೆರಳು ಮಡಚಿ ನೆನಪು ಮಾಡಿಕೊಂಡು ಹೇಳಿದಳು. ಮೊದಲ ದಿನ ಅರ್ಧ ಒದ್ದೆಯಾದದ್ದು ಮೂರು, ಸ್ವಲ್ಪ ಕಲೆಯದ್ದು ಒಂದು: 16. ಎರಡನೇ ದಿನ ಪೂರ್ತಿ ಒದ್ದೆಯಾದದ್ದು ಆರು, ದೊಡ್ಡ ಹೆಪ್ಪು ಮೂರು: 135. ಮೂರನೇ ದಿನ ಪೂರ್ತಿ ನಾಲ್ಕು, ಅರ್ಧ ಎರಡು, ದೊಡ್ಡ ಹೆಪ್ಪು ಒಂದು: 95. ನಾಲ್ಕು, ಐದನೇ ದಿನ ಸೇರಿ 30. ಕೊನೆಯ ಮೂರು ದಿನಕ್ಕೆ ಎಲ್ಲ ಸೇರಿ 6. ಕೂಡಿದರೆ 282. ನೆನಪಿನಿಂದ ಹಾಕಿದ ಲೆಕ್ಕ ಪಕ್ಕಾ ಅಲ್ಲ, ಮುಟ್ಟು ನಡೆಯುವಾಗಲೇ ಬರೆದಿಟ್ಟರೆ ಒಳ್ಳೆಯದು, ಆದರೂ 100ಕ್ಕೂ 282ಕ್ಕೂ ಇರುವ ಅಂತರ ನೆನಪಿನ ತಪ್ಪಿನಿಂದ ಬರುವಂಥದ್ದಲ್ಲ ಅಂದರು.

ಈಗಿನ ವೈದ್ಯರು 80 ಮಿಲಿಲೀಟರ್ ಅನ್ನುವ ಗೆರೆಯನ್ನೇ ಹಿಡಿದು ಕೂರುವುದಿಲ್ಲ, ಅದೂ ಸರಿಯೇ. ರಕ್ತಸ್ರಾವದಿಂದ ದಿನದ ಬದುಕು, ಓಡಾಟ, ಮನಸ್ಸು ಕೆಡುತ್ತಿದ್ದರೆ ಅದು ಜಾಸ್ತಿ, ಅಷ್ಟೇ. ಆದರೆ ಅಕ್ಕನಂಥವರು "ನನಗೇನೂ ತೊಂದರೆ ಇಲ್ಲ" ಅಂತಲೇ ಹೇಳುತ್ತಾರೆ, ಯಾಕೆಂದರೆ ಬದುಕನ್ನೇ ಅದರ ಸುತ್ತ ಹೊಂದಿಸಿಕೊಂಡುಬಿಟ್ಟಿರುತ್ತಾರೆ. ಅಂಥವರಿಗೆ ಈ ಅಂಕದ ಪಟ್ಟಿ ಕಣ್ಣು ತೆರೆಸುತ್ತದೆ.

ಕಬ್ಬಿಣದ ಲೆಕ್ಕವನ್ನೂ ಹೇಳಿಬಿಡುತ್ತೇನೆ, ನನಗೆ ಇದು ಅರ್ಥವಾದ ಮೇಲೆ ಉಳಿದದ್ದೆಲ್ಲ ಅರ್ಥವಾಯಿತು. ಒಂದು ಮಿಲಿಲೀಟರ್ ರಕ್ತದಲ್ಲಿ ಸುಮಾರು ಅರ್ಧ ಮಿಲಿಗ್ರಾಂ ಕಬ್ಬಿಣ ಇರುತ್ತದೆ. ಎಷ್ಟೇ ಚೆನ್ನಾಗಿ ತಿಂದರೂ ದೇಹ ದಿನಕ್ಕೆ ಹೀರಿಕೊಳ್ಳುವುದು 1ರಿಂದ 2 ಮಿಲಿಗ್ರಾಂ, ತಿಂಗಳಿಗೆ 30ರಿಂದ 60. ಮುಟ್ಟು ಬಿಟ್ಟು ಬೇರೆ ರೀತಿಯಲ್ಲೇ ದಿನಕ್ಕೆ ಹತ್ತಿರ ಹತ್ತಿರ 1 ಮಿಲಿಗ್ರಾಂ ಖರ್ಚಾಗುತ್ತದೆ, ಅಂದರೆ ತಿಂಗಳಿಗೆ 30. ಮುಟ್ಟಿನಲ್ಲಿ 35 ಮಿಲಿಲೀಟರ್ ಹೋದರೆ ಇನ್ನೊಂದು 17 ಹೋಯಿತು, ಒಟ್ಟು 47, ಹೇಗೋ ಸರಿದೂಗುತ್ತದೆ. 80 ಹೋದರೆ 40 ಸೇರಿ 70 ಆಯಿತು. ತಿಂಗಳು ತಿಂಗಳೂ ಸಾಲ. ಕೂಡಿಟ್ಟ ಕಬ್ಬಿಣ ಮೊದಲು ಖಾಲಿಯಾಗುತ್ತದೆ, ಆಮೇಲೆ ಹಿಮೋಗ್ಲೋಬಿನ್ ಇಳಿಯುತ್ತದೆ. ನಿಧಾನವಾಗಿ ಇಳಿಯುವುದರಿಂದ ದೇಹ ಒಗ್ಗಿಕೊಳ್ಳುತ್ತದೆ, ಅದಕ್ಕೇ ಅಷ್ಟು ಕಮ್ಮಿ ಇದ್ದರೂ ಅವಳು ಓಡಾಡಿಕೊಂಡಿದ್ದಳು.

ಡೇಟ್ ಸರಿ ಇದ್ದೂ ಇಷ್ಟು ಯಾಕೆ?

ನಾನು ಕೇಳಿದ್ದು ಇದನ್ನೇ. ಡಾಕ್ಟರ್ ಕೊಟ್ಟ ಉತ್ತರವನ್ನು ನನ್ನ ಮಾತಿನಲ್ಲಿ ಹೇಳುತ್ತೇನೆ.

ಮುಟ್ಟು ಯಾವತ್ತು ಬರಬೇಕು ಅಂತ ತೀರ್ಮಾನ ಆಗುವುದು ಗರ್ಭಕೋಶದಲ್ಲಿ ಅಲ್ಲ. ಮೆದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಮತ್ತು ಅಂಡಾಶಯ, ಇವೆರಡರ ಮಾತುಕತೆಯಲ್ಲಿ. ರಕ್ತ ಕಂಡ ಮೊದಲ ದಿನವನ್ನು ಒಂದನೇ ದಿನ ಅಂತ ಎಣಿಸಬೇಕು (ಮುಗಿದ ದಿನದಿಂದ ಎಣಿಸುವವರು ಈಗಲೂ ಬಹಳ ಜನ ಇದ್ದಾರೆ, ಅದು ತಪ್ಪು ಲೆಕ್ಕ). ಪಿಟ್ಯುಟರಿಯಿಂದ ಎಫ್‌ಎಸ್‌ಎಚ್ ಅನ್ನುವ ಹಾರ್ಮೋನ್ ಬಂದು ಅಂಡಾಶಯದಲ್ಲಿ ಅಂಡ ಇರುವ ಕೆಲವು ಸಣ್ಣ ಚೀಲಗಳು ಬೆಳೆಯಲು ಶುರುವಾಗುತ್ತವೆ, ಅವುಗಳಿಂದ ಈಸ್ಟ್ರೊಜನ್ ಬರುತ್ತದೆ, ಅದರಿಂದ ಗರ್ಭಕೋಶದ ಒಳಪದರ ದಪ್ಪವಾಗುತ್ತದೆ. ಆಮೇಲೆ ಎಲ್‌ಎಚ್ ಒಮ್ಮೆಲೇ ಏರಿ ಅಂಡ ಬಿಡುಗಡೆ ಆಗುತ್ತದೆ. ಅಂಡ ಬಿಟ್ಟ ಜಾಗದಿಂದ ಪ್ರೊಜೆಸ್ಟರಾನ್ ಬಂದು ಆ ಪದರವನ್ನು ಹಿಡಿದಿಡುತ್ತದೆ. ಗರ್ಭ ನಿಲ್ಲದಿದ್ದರೆ ಸುಮಾರು ಎರಡು ವಾರದಲ್ಲಿ ಪ್ರೊಜೆಸ್ಟರಾನ್ ಇಳಿದುಹೋಗುತ್ತದೆ, ಪದರ ಕಳಚಿ ಬೀಳುತ್ತದೆ, ಅದೇ ಮುಟ್ಟು. ಈ ಕೊನೆಯ ಎರಡು ವಾರ ಹೆಚ್ಚುಕಮ್ಮಿ ಸ್ಥಿರ, ಮೊದಲ ಭಾಗ ಮಾತ್ರ ಒಬ್ಬೊಬ್ಬರಿಗೆ ಒಂದೊಂದು. ಹಾಗಾಗಿ 35 ದಿನಕ್ಕೆ ಮುಟ್ಟಾಗುವವಳಿಗೆ ಅಂಡ ಬಿಡುಗಡೆ ಆಗುವುದು 21ನೇ ದಿನದ ಹತ್ತಿರ, ಎಲ್ಲರೂ ಹೇಳುವ 14ನೇ ದಿನ ಅಲ್ಲ.

ಎಷ್ಟು ಹೋಗಬೇಕು, ಯಾವಾಗ ನಿಲ್ಲಬೇಕು ಅನ್ನುವುದರಲ್ಲಿ ಮುಖ್ಯ ಪಾತ್ರ ಗರ್ಭಕೋಶದ್ದು. ಪದರ ಕಳಚಿದ ಜಾಗದ ಸಣ್ಣ ರಕ್ತನಾಳಗಳು ಮುದುಡಿಕೊಳ್ಳಬೇಕು, ರಕ್ತ ಹೆಪ್ಪುಗಟ್ಟಿ ಬಾಯಿ ಮುಚ್ಚಬೇಕು, ಗರ್ಭಕೋಶದ ಸ್ನಾಯು ಹಿಂಡಿಕೊಳ್ಳಬೇಕು. ಒಳಗೆ ಒಂದು ಗಡ್ಡೆ ಇದ್ದರೆ ಈ ಕೆಲಸ ಸರಿಯಾಗಿ ಆಗುವುದಿಲ್ಲ. ಆದರೆ ಅಂಡಾಶಯಕ್ಕೆ ಅದರ ಸುದ್ದಿಯೇ ಇಲ್ಲ, ಅದು ತನ್ನ ಪಾಡಿಗೆ 28 ದಿನಕ್ಕೆ ಸರಿಯಾಗಿ ಮುಟ್ಟು ತರುತ್ತಲೇ ಇರುತ್ತದೆ.

ಡೇಟ್ ಸರಿ ಇದ್ದು ಸ್ರಾವ ಜಾಸ್ತಿ ಅಂದರೆ ವೈದ್ಯರು ಮೊದಲು ಗರ್ಭಕೋಶದ ಕಡೆ ನೋಡುತ್ತಾರೆ: ಒಳಪದರದಿಂದ ಚಾಚಿಕೊಳ್ಳುವ ಸಣ್ಣ ಬೆಳವಣಿಗೆಯಾದ ಪಾಲಿಪ್, ಸ್ನಾಯುವಿನಿಂದ ಬೆಳೆಯುವ ಫೈಬ್ರಾಯ್ಡ್, ಒಳಪದರವೇ ಸ್ನಾಯುವಿನೊಳಗೆ ಬೆಳೆಯುವ ಅಡೆನೊಮಯೋಸಿಸ್, ಅಥವಾ ರಕ್ತ ಹೆಪ್ಪುಗಟ್ಟುವ ದೋಷ. ಡೇಟೇ ತಪ್ಪುತ್ತಿದ್ದರೆ ಅಂಡ ಬಿಡುಗಡೆ ಆಗುತ್ತಿದೆಯಾ ಅಂತ ನೋಡುತ್ತಾರೆ: ಪಿಸಿಒಎಸ್ (ಹಾರ್ಮೋನ್ ಏರುಪೇರಿನಿಂದ ಅಂಡ ಬಿಡುಗಡೆ ಸರಿಯಾಗಿ ಆಗದ ತೊಂದರೆ), ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್), ತೂಕದಲ್ಲಿ ಭಾರಿ ಏರಿಳಿತ, ಮುಟ್ಟು ನಿಲ್ಲುವ ವಯಸ್ಸು. ಇವೆರಡು ಯಾವಾಗಲೂ ಹೀಗೆ ಬೇರೆ ಬೇರೆಯಾಗಿಯೇ ಇರುತ್ತವೆ ಅಂತ ಅಲ್ಲ, ಆದರೆ ಹುಡುಕಾಟ ಇಲ್ಲಿಂದ ಶುರುವಾಗುತ್ತದೆ. ನಮ್ಮಕ್ಕ "ಕರೆಕ್ಟಾಗಿ ಆಗುತ್ತೆ" ಅಂದಾಗಲೆಲ್ಲ ಅಂಡಾಶಯ ಚೆನ್ನಾಗಿದೆ ಅಂತ ಹೇಳುತ್ತಿದ್ದಳೇ ಹೊರತು ಗರ್ಭಕೋಶದ ಬಗ್ಗೆ ಏನೂ ಹೇಳುತ್ತಿರಲಿಲ್ಲ.

ಪರೀಕ್ಷೆಗಳು

ಮೊದಲು ಮಾಡಿಸಿದ್ದು ಗರ್ಭಿಣಿಯಾ ಅಂತ ನೋಡುವ ಮೂತ್ರ ಪರೀಕ್ಷೆ. ಅಕ್ಕನಿಗೆ ನಗು ಬಂತು, ಡಾಕ್ಟರ್ ನಗಲಿಲ್ಲ. ಗರ್ಭ ನಿಂತು ಏನೋ ತೊಂದರೆಯಾಗಿ ರಕ್ತ ಹೋಗುವುದನ್ನು ಮುಟ್ಟು ಅಂತ ತಿಳಿದುಕೊಳ್ಳುವವರಿದ್ದಾರೆ, ಅದನ್ನು ತಪ್ಪಿಸಿಕೊಳ್ಳಲು ಬಿಡಬಾರದು ಅಂದರು.

ಹಿಮೋಗ್ಲೋಬಿನ್ 8.1. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ಗರ್ಭಿಣಿಯಲ್ಲದ ಹೆಂಗಸಿಗೆ 12ಕ್ಕಿಂತ ಕೆಳಗೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗೆ ಇಳಿದರೆ ತೀವ್ರ. ಅಂಚಿನಲ್ಲೇ ಇದ್ದಳು. ಫೆರಿಟಿನ್, ಅಂದರೆ ಕೂಡಿಟ್ಟ ಕಬ್ಬಿಣದ ಸೂಚನೆ, 5. ಅದು 15ಕ್ಕಿಂತ ಕೆಳಗೆ ಇದ್ದರೆ ಕಬ್ಬಿಣದ ಕೊರತೆ ಖಚಿತ, ಎಷ್ಟೋ ವೈದ್ಯರು 30ಕ್ಕಿಂತ ಕೆಳಗೆ ಇದ್ದರೇ ಚಿಕಿತ್ಸೆ ಶುರು ಮಾಡುತ್ತಾರೆ. ಒಂದು ಮಾತು ಇಲ್ಲಿ ಹೇಳಲೇಬೇಕು: ಹಿಮೋಗ್ಲೋಬಿನ್ 12.5 ಇದ್ದೂ ಫೆರಿಟಿನ್ ತಳ ಕಂಡಿರಬಹುದು, ಸುಸ್ತು ಇರಬಹುದು. ಮುಟ್ಟು ಜಾಸ್ತಿ ಹೋಗುವವರು ರಕ್ತ ಪರೀಕ್ಷೆಗೆ ಹೋದಾಗ ಫೆರಿಟಿನ್ ಕೂಡ ನೋಡಬಹುದಾ ಅಂತ ಕೇಳಿ. ಥೈರಾಯ್ಡ್ ಪರೀಕ್ಷೆ ಸರಿ ಇತ್ತು.

ಸ್ಕ್ಯಾನಿಂಗ್‌ನಲ್ಲಿ ಸಿಕ್ಕಿತು. ಗರ್ಭಕೋಶದ ಒಳಗಿನ ಜಾಗಕ್ಕೆ ಚಾಚಿಕೊಂಡಿದ್ದ, ಸುಮಾರು 3 ಸೆಂಟಿಮೀಟರ್ ಫೈಬ್ರಾಯ್ಡ್. ಗಡ್ಡೆ ಅಂದ ತಕ್ಷಣ ಅಕ್ಕನ ಮುಖ ಬಿಳಿಚಿಕೊಂಡಿತು, ಎಲ್ಲರಿಗೂ ಮೊದಲು ಬರುವ ಯೋಚನೆ ಕ್ಯಾನ್ಸರ್ ತಾನೇ. ಫೈಬ್ರಾಯ್ಡ್ ಸ್ನಾಯುವಿನ ಗಡ್ಡೆ, ಕ್ಯಾನ್ಸರ್ ಅಲ್ಲ. ಎಷ್ಟೋ ಜನರಲ್ಲಿ ಇರುತ್ತದೆ, ಗೊತ್ತೂ ಆಗುವುದಿಲ್ಲ, ತೊಂದರೆ ಕೊಡದಿದ್ದರೆ ಮುಟ್ಟುವ ಅಗತ್ಯವೂ ಇಲ್ಲ. ಗಾತ್ರಕ್ಕಿಂತ ಜಾಗ ಮುಖ್ಯ ಅನ್ನುವುದನ್ನು ನಾನು ಅವತ್ತು ಕಲಿತೆ. ಗರ್ಭಕೋಶದ ಹೊರಮೈಯಲ್ಲಿ ಇದಕ್ಕಿಂತ ದೊಡ್ಡದು ಇದ್ದರೂ ಮುಟ್ಟಿನಲ್ಲಿ ವ್ಯತ್ಯಾಸ ಆಗದೇ ಇರಬಹುದು, ಒಳಕ್ಕೆ ಚಾಚಿದ ಸಣ್ಣದು ಹೀಗೆ ರಕ್ತ ಹರಿಸಬಹುದು.

45 ದಾಟಿದವರಿಗೆ, ಅಥವಾ ಅದಕ್ಕೂ ಚಿಕ್ಕ ವಯಸ್ಸಿನಲ್ಲಿ ತೂಕ ತುಂಬಾ ಜಾಸ್ತಿ ಇದ್ದು, ಪಿಸಿಒಎಸ್ ಇದ್ದು, ಮುಟ್ಟುಗಳ ಮಧ್ಯೆ ರಕ್ತ ಕಾಣುತ್ತಲೇ ಇದ್ದರೆ, ಒಳಪದರದ ಚೂರು ತೆಗೆದು ಪರೀಕ್ಷೆಗೆ ಕಳಿಸುತ್ತಾರೆ. ಅಕ್ಕನಿಗೆ ಆ ಹಂತದಲ್ಲಿ ಅದು ಬೇಕಾಗಲಿಲ್ಲ.

ಚಿಕಿತ್ಸೆ, ಮತ್ತು "ತೆಗೆಸಿಬಿಡು" ಅನ್ನುವವರು

ವಿಷಯ ತಿಳಿದ ಹತ್ತಿರದವರೊಬ್ಬರು "ಮಕ್ಕಳು ಆಯ್ತಲ್ಲ, ಗರ್ಭಕೋಶ ತೆಗೆಸಿಬಿಡು, ತಾಪತ್ರಯವೇ ಇರಲ್ಲ" ಅಂದರು. ಪ್ರೀತಿಯಿಂದಲೇ ಹೇಳಿದ್ದು. ಅಕ್ಕನೂ ಹೆಚ್ಚುಕಮ್ಮಿ ಒಪ್ಪಿಕೊಂಡಿದ್ದಳು. ನನಗೆ ಈ ಸಲಹೆ ಕೇಳಿದಾಗಲೆಲ್ಲ ಸಂಕಟ ಆಗುತ್ತದೆ. ಗರ್ಭಕೋಶ ತೆಗೆಯುವುದು ಕೆಲವರಿಗೆ ನಿಜವಾಗಿಯೂ ಬೇಕಾಗುತ್ತದೆ, ಅದರಿಂದ ನೆಮ್ಮದಿ ಸಿಕ್ಕವರಿದ್ದಾರೆ. ಆದರೆ ಅದು ದೊಡ್ಡ ಆಪರೇಷನ್. ಜೊತೆಗೆ ಅಂಡಾಶಯವನ್ನೂ ತೆಗೆದರೆ ಆ ಕ್ಷಣದಿಂದಲೇ ಮುಟ್ಟು ನಿಂತವರ ಸ್ಥಿತಿ ಬಂದು, ಎಲುಬು ಮತ್ತು ಹೃದಯದ ಮೇಲೆ ಪರಿಣಾಮ ಆಗುತ್ತದೆ. ಬೇರೆ ದಾರಿ ಇದೆಯಾ ಅಂತ ಕೇಳದೇ ಒಪ್ಪಬಾರದು.

ಡಾಕ್ಟರ್ ಹೇಳಿದ ದಾರಿಗಳು ಇವು. ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ರಕ್ತ ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳುವಂಥದ್ದು, ಸ್ರಾವವನ್ನು ಅರ್ಧದ ಹತ್ತಿರಕ್ಕೆ ಇಳಿಸಬಲ್ಲದು. ಕಾಲಿನ ರಕ್ತನಾಳದಲ್ಲೋ ಶ್ವಾಸಕೋಶದಲ್ಲೋ ರಕ್ತ ಹೆಪ್ಪುಗಟ್ಟಿದ ಇತಿಹಾಸ ಇರುವವರಿಗೆ ಇದು ಆಗುವುದಿಲ್ಲ. ಮೆಫೆನಾಮಿಕ್ ಆಸಿಡ್‌ನಂಥ ನೋವಿನ ಮಾತ್ರೆ ನೋವನ್ನೂ ಸ್ರಾವವನ್ನೂ ಸ್ವಲ್ಪ ಇಳಿಸುತ್ತದೆ. ಹಾರ್ಮೋನ್ ಮಾತ್ರೆಗಳಿವೆ. ಲೆವೊನಾರ್ಜೆಸ್ಟ್ರೆಲ್ ಹಾರ್ಮೋನ್ ಬಿಡುವ, ಗರ್ಭಕೋಶದೊಳಗೆ ಇಡುವ ಸಾಧನ ಇದೆ, ಒಳಗೆ ಗಡ್ಡೆ ಚಾಚಿರದಿದ್ದರೆ ಬಹಳ ಒಳ್ಳೆಯ ಆಯ್ಕೆ ಅದು, ಅಕ್ಕನ ಗರ್ಭಕೋಶದ ಒಳ ಆಕಾರವೇ ಕೆಟ್ಟಿದ್ದರಿಂದ ಸರಿಹೋಗುವಂತಿರಲಿಲ್ಲ. ಅವಳಿಗೆ ಸೂಕ್ತ ಅಂತ ಹೇಳಿದ್ದು ಹಿಸ್ಟೆರೊಸ್ಕೋಪಿ: ಹೊಟ್ಟೆ ಕೊಯ್ಯದೇ, ಯೋನಿಯ ಮೂಲಕ ಸಣ್ಣ ಕ್ಯಾಮೆರಾ ಕಳಿಸಿ ಗಡ್ಡೆಯನ್ನು ಮಾತ್ರ ಕೆತ್ತಿ ತೆಗೆಯುವುದು.

ಅದಕ್ಕೂ ಮೊದಲು ರಕ್ತ ಏರಬೇಕಿತ್ತು. ಮಾತ್ರೆ ಹಿಡಿಸಿರಲಿಲ್ಲವಾದ್ದರಿಂದ ಕಬ್ಬಿಣವನ್ನು ಡ್ರಿಪ್ ಮೂಲಕ ಕೊಟ್ಟರು. ಮಾತ್ರೆ ತೆಗೆದುಕೊಳ್ಳುವವರಿಗೆ ಹೇಳಬೇಕಾದ ಮಾತು: ಟೀ, ಕಾಫಿ, ಕ್ಯಾಲ್ಶಿಯಂ ಮಾತ್ರೆ ಇವುಗಳ ಜೊತೆ ನುಂಗಬೇಡಿ, ಮಲ ಕಪ್ಪಾದರೆ ಹೆದರಬೇಡಿ, ಹೊಟ್ಟೆಗೆ ಆಗದಿದ್ದರೆ ಸುಮ್ಮನೆ ಬಿಡುವ ಬದಲು ಡಾಕ್ಟರ್‌ಗೆ ಹೇಳಿ, ದಿನ ಬಿಟ್ಟು ದಿನ ತೆಗೆದುಕೊಂಡರೂ ಚೆನ್ನಾಗಿ ಕೆಲಸ ಮಾಡುತ್ತದೆ. ಹಿಮೋಗ್ಲೋಬಿನ್ ಸರಿಯಾದ ತಕ್ಷಣ ನಿಲ್ಲಿಸಬಾರದು, ಆಮೇಲೂ ಸುಮಾರು ಮೂರು ತಿಂಗಳು ಬೇಕು, ಕೂಡಿಡುವ ಪಾಲು ತುಂಬಬೇಕಲ್ಲ.

ಒಂದು ತಿಂಗಳಲ್ಲಿ ಹಿಮೋಗ್ಲೋಬಿನ್ 10.6 ಆಯಿತು. ಐಸ್ ಆಸೆ ಅದಕ್ಕೂ ಮೊದಲೇ ಹೋಗಿತ್ತು, ಟ್ರೇ ಹಾಗೇ ಉಳಿದದ್ದು ನೋಡಿ ಅವಳಿಗೇ ಆಶ್ಚರ್ಯ. ಗಡ್ಡೆ ತೆಗೆಸಿದ ದಿನವೇ ಸಂಜೆ ಮನೆಗೆ ಬಂದಳು. ತೆಗೆದದ್ದನ್ನು ಪರೀಕ್ಷೆಗೆ ಕಳಿಸಿದ್ದರು, ಕ್ಯಾನ್ಸರ್ ಏನೂ ಇಲ್ಲ ಅಂತ ಬಂತು. ಆಮೇಲಿನ ಎರಡನೇ ಮುಟ್ಟಿನಲ್ಲಿ ಅದೇ ಪಟ್ಟಿ ಹಿಡಿದು ಬರೆದಳು: ಐದು ದಿನ, 58 ಅಂಕ. ಡೇಟ್ ಮಾತ್ರ ಮೊದಲಿನ ಹಾಗೇ, 28. ಫೈಬ್ರಾಯ್ಡ್ ಮತ್ತೆ ಬೆಳೆಯಬಹುದು, ಹಾಗಾಗಿ ಬರೆಯುವುದನ್ನು ಬಿಟ್ಟಿಲ್ಲ.

ಹಾಗಾದರೆ ಯಾವಾಗ ಹೋಗಬೇಕು

ಅಕ್ಕನ ವಿಷಯದಲ್ಲಿ ತಪ್ಪಿಹೋದ ಸೂಚನೆಗಳಿಂದಲೇ ಶುರು ಮಾಡುತ್ತೇನೆ. ಒಂದೆರಡು ಗಂಟೆಗೊಂದು ಪ್ಯಾಡ್ ಪೂರ್ತಿ ಒದ್ದೆ. ಪ್ಯಾಡ್ ಬದಲಿಸಲೆಂದೇ ರಾತ್ರಿ ಏಳುವುದು. ಎರಡೆರಡು ಒಟ್ಟಿಗೆ ಹಾಕಬೇಕಾಗುವುದು. 2.5 ಸೆಂಟಿಮೀಟರ್‌ಗಿಂತ ದೊಡ್ಡ ಹೆಪ್ಪು. ಎಂಟು ದಿನ ಮೀರಿ ಹೋಗುವುದು. ಇದರ ಜೊತೆ ಸುಸ್ತು, ಏದುಸಿರು, ಎದೆ ಡವಗುಟ್ಟುವುದು. ಇವುಗಳಲ್ಲಿ ಒಂದು ತಿಂಗಳು ತಿಂಗಳೂ ಆಗುತ್ತಿದ್ದರೂ ಸಾಕು, ಅಪಾಯಿಂಟ್‌ಮೆಂಟ್ ತೆಗೆದುಕೊಳ್ಳಿ. ನಿಮಗೆ ಮೊದಲು ಹೇಗಿತ್ತು, ಈಗ ಹೇಗಿದೆ ಅನ್ನುವ ಬದಲಾವಣೆ ಕೂಡ ಅಷ್ಟೇ ಮುಖ್ಯ.

ಡೇಟ್ ವಿಷಯಕ್ಕೆ ಬಂದರೆ, ದೊಡ್ಡವರಿಗೆ 24ರಿಂದ 38 ದಿನದೊಳಗೆ ಎಷ್ಟಾದರೂ ಸರಿ. ಒಂದು ತಿಂಗಳು 26, ಇನ್ನೊಂದು ತಿಂಗಳು 31 ಆದರೆ ಚಿಂತೆ ಬೇಡ. ಅತಿ ಕಮ್ಮಿ ಮತ್ತು ಅತಿ ಹೆಚ್ಚಿನ ನಡುವಿನ ಅಂತರ ಹತ್ತು ದಿನಕ್ಕೂ ಮೀರುತ್ತಿದ್ದರೆ, ಅಥವಾ ಸರಿಯಾಗಿ ಆಗುತ್ತಿದ್ದದ್ದು ಮೂರು ತಿಂಗಳು ಬರದೇ ಹೋದರೆ ತೋರಿಸಬೇಕು. ಗರ್ಭಿಣಿಯಾಗುವ ಸಾಧ್ಯತೆ ಇದ್ದವರು ಮೂರು ತಿಂಗಳು ಕಾಯುವುದಲ್ಲ, ಒಂದು ವಾರ ತಪ್ಪಿದರೇ ಮೊದಲು ಅದನ್ನು ಪರೀಕ್ಷಿಸಿಕೊಳ್ಳಿ.

ಮುಟ್ಟುಗಳ ಮಧ್ಯೆ, ಅಥವಾ ಲೈಂಗಿಕ ಸಂಪರ್ಕದ ನಂತರ ರಕ್ತ ಕಂಡರೆ ತೋರಿಸಿ, ಗರ್ಭಕೋಶದ ಕಂಠವನ್ನು ಪರೀಕ್ಷೆ ಮಾಡಬೇಕಾಗುತ್ತದೆ. ಹನ್ನೆರಡು ತಿಂಗಳು ಮುಟ್ಟು ಬರದೇ ನಿಂತಿದ್ದು, ಆಮೇಲೆ ಒಂದು ಹನಿ ಕಂಡರೂ ಹೋಗಲೇಬೇಕು. "ಹಳೆಯದು ಏನೋ ಉಳಿದಿತ್ತು" ಅಂತ ತಳ್ಳಿಹಾಕಬಾರದು. ಹೆಚ್ಚಿನವರಲ್ಲಿ ಕಾರಣ ಸಣ್ಣದೇ ಇರುತ್ತದೆ, ಆದರೆ ಒಳಪದರದ ಕ್ಯಾನ್ಸರ್ ಬೇಗ ಸಿಗುವುದು ಇದೇ ಸೂಚನೆಯಿಂದ.

ನೋವು ಬೇರೆಯೇ ದೊಡ್ಡ ವಿಷಯ. ಮಾತ್ರೆ ತೆಗೆದುಕೊಂಡರೂ ಕೆಲಸಕ್ಕೋ ಶಾಲೆಗೋ ಹೋಗಲಾಗದಷ್ಟು ನೋವು, ವರ್ಷದಿಂದ ವರ್ಷಕ್ಕೆ ಏರುವ ನೋವು, ಸಂಪರ್ಕದಲ್ಲಿ ಅಥವಾ ಮಲ ವಿಸರ್ಜನೆಯಲ್ಲಿ ನೋವು ಇದ್ದರೆ ಎಂಡೊಮೆಟ್ರಿಯೋಸಿಸ್ (ಒಳಪದರದಂಥದ್ದೇ ಗರ್ಭಕೋಶದ ಹೊರಗೆ ಬೆಳೆಯುವ ಕಾಯಿಲೆ) ಇರಬಹುದು. ಸುಮಾರು ಹತ್ತರಲ್ಲಿ ಒಬ್ಬರಿಗೆ ಇರುತ್ತದೆ, ಗೊತ್ತಾಗಲು ವರ್ಷಗಟ್ಟಲೆ ತಡವಾಗುತ್ತದೆ.

ಕಾಯದೇ ತುರ್ತು ಚಿಕಿತ್ಸೆಗೆ ಓಡಬೇಕಾದದ್ದು: ಗಂಟೆಗೊಂದು ಪ್ಯಾಡ್ ತುಂಬುವುದು ಎರಡು ಗಂಟೆಗಿಂತ ಹೆಚ್ಚು ನಡೆದರೆ, ಅದರ ಜೊತೆ ತಲೆಸುತ್ತು, ಬೆವರು, ಪ್ರಜ್ಞೆ ತಪ್ಪುವ ಹಾಗಾದರಂತೂ ಒಂದು ನಿಮಿಷವೂ ತಡ ಬೇಡ. ಗರ್ಭಿಣಿ ಇರಬಹುದು ಅನ್ನುವಾಗ ರಕ್ತ ಹೋಗಿ, ಕಿಬ್ಬೊಟ್ಟೆಯ ಒಂದು ಪಕ್ಕ ಜೋರಾಗಿ ನೋವು ಬಂದರೂ ಹಾಗೇ, ಗರ್ಭ ನಾಳದಲ್ಲಿ ನಿಂತಿರಬಹುದು. ಟ್ಯಾಂಪೂನ್ ಬಳಸುವವರಿಗೆ ಇದ್ದಕ್ಕಿದ್ದಂತೆ ಜೋರು ಜ್ವರ, ವಾಂತಿ, ಮೈಮೇಲೆ ಕೆಂಪು ಗುಳ್ಳೆ ಬಂದರೂ ಕೂಡ.

ಹೋಗುವಾಗ ಕೊನೆಯ ಮೂರು ಮುಟ್ಟಿನ ವಿವರ ಬರೆದುಕೊಂಡು ಹೋಗಿ: ಶುರುವಾದ ದಿನ, ಎಷ್ಟು ದಿನ, ದಿನಕ್ಕೆ ಎಷ್ಟು ಪ್ಯಾಡ್, ಎಷ್ಟು ಒದ್ದೆ, ಹೆಪ್ಪು, ನೋವು, ತೆಗೆದುಕೊಂಡ ಮಾತ್ರೆ. ಫೋನಿನ ಆಪ್ ಆದರೂ ಸರಿ, ಗೋಡೆಯ ಕ್ಯಾಲೆಂಡರ್ ಆದರೂ ಸರಿ. ಆಪ್‌ಗಳು ಡೇಟನ್ನೇ ದೊಡ್ಡದಾಗಿ ತೋರಿಸುತ್ತವೆ, ಪ್ರಮಾಣ ಬರೆಯುವ ಜಾಗವನ್ನು ನೀವೇ ಹುಡುಕಿ ತುಂಬಿಸಬೇಕು.

ಮಗಳ ವಿಷಯ

ಇಷ್ಟೆಲ್ಲ ನಡೆಯುವಾಗ ಅಕ್ಕ ಚಿಂತೆ ಮಾಡುತ್ತಿದ್ದದ್ದು ತನ್ನ ಬಗ್ಗೆ ಅಲ್ಲ, ಮಗಳ ಬಗ್ಗೆ. ಹುಡುಗಿ ಹಿಂದಿನ ವರ್ಷವಷ್ಟೇ ದೊಡ್ಡವಳಾಗಿದ್ದಳು. ಅವಳಿಗೆ ಒಮ್ಮೆ 32 ದಿನಕ್ಕೆ, ಒಮ್ಮೆ 43 ದಿನಕ್ಕೆ. "ನನ್ನ ಹಾಗೆ ಕರೆಕ್ಟಾಗಿ ಆಗಲ್ಲ ಡಾಕ್ಟರ್, ಅವಳಿಗೆ ಏನಾದರೂ ಮಾತ್ರೆ ಕೊಡಬೇಕಾ?" ಅಂತ ಕೇಳಿದಳು.

ಡಾಕ್ಟರ್ ಮಗಳನ್ನು ಕೂರಿಸಿಕೊಂಡು ಮಾತಾಡಿದರು. ಎಷ್ಟು ದಿನ ಹೋಗುತ್ತೆ? ಐದು. ದಿನಕ್ಕೆ ಎಷ್ಟು ಪ್ಯಾಡ್? ಮೂರು, ನಾಲ್ಕು. ಶಾಲೆಗೆ ರಜಾ ಹಾಕುತ್ತೀಯಾ? ಇಲ್ಲ. ಹಾಗಾದರೆ ಮಾತ್ರೆ ಬೇಡ ಅಂದರು. ಮೊದಲ ಎರಡು ಮೂರು ವರ್ಷ ಮೆದುಳು ಮತ್ತು ಅಂಡಾಶಯದ ನಡುವಿನ ಹೊಂದಾಣಿಕೆ ಇನ್ನೂ ಕುದುರಿರುವುದಿಲ್ಲ, ಎಷ್ಟೋ ತಿಂಗಳು ಅಂಡ ಬಿಡುಗಡೆಯೇ ಆಗುವುದಿಲ್ಲ, ಆ ವಯಸ್ಸಿಗೆ 21ರಿಂದ 45 ದಿನದವರೆಗೂ ಸಹಜ.

ಅವಳನ್ನು ಯಾವಾಗ ಕರೆತರಬೇಕು ಅಂತಲೂ ಹೇಳಿದರು. ಒಂದು ಮುಟ್ಟಿನಿಂದ ಇನ್ನೊಂದಕ್ಕೆ 90 ದಿನ ದಾಟಿದರೆ, ಏಳು ದಿನ ಮೀರಿ ಹೋದರೆ, ಒಂದೆರಡು ಗಂಟೆಗೊಂದು ಪ್ಯಾಡ್ ತುಂಬಿದರೆ, ನೋವಿಗೆ ಶಾಲೆ ತಪ್ಪಿಸುವಂತಾದರೆ. ಜೊತೆಗೆ ಅವಳ ವಯಸ್ಸಿನ ಗೆಳತಿಯರಲ್ಲಿ ಯಾರಿಗಾದರೂ 15 ತುಂಬಿದರೂ ಮುಟ್ಟೇ ಶುರುವಾಗದಿದ್ದರೆ ಅದನ್ನೂ ತೋರಿಸಬೇಕು ಅಂತ. ಹುಡುಗಿ ತನ್ನ ನೋಟ್‌ಬುಕ್‌ನ ಹಿಂದಿನ ಪುಟದಲ್ಲಿ ಇಷ್ಟನ್ನೂ ಬರೆದುಕೊಂಡಳು, ಆ ಮೂರು ಪ್ಯಾಡ್ ಚಿತ್ರ ಮತ್ತು ಅಂಕಗಳ ಸಮೇತ.